ಇನ್ನೂ ಸ್ವಲ್ಪ ಪಳಗಬೇಕು

ಊಟದ ಗದ್ದಲವೆಲ್ಲ ಇಳಿದು ಮೆಟ್ಟಿಲುಗಳು ಖಾಲಿಯಾದ ಮೇಲೆ ಇಂಗ್ಲಿಷ್ ಮೇಷ್ಟ್ರು ತಮ್ಮ ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಕುರ್ಚಿಗೆ ಬಂದು ಕೂತರು, ಕೂತವರು ಮತ್ತೆ ಎದ್ದು ಹೋಗಿ ಇನ್ನೊಂದು ಗೇಣು ತೆರೆದರು. ಒಂದೇ ಗೇಣು ತೆರೆದರೆ ಒಳಗಿರುವ ಮನುಷ್ಯನಿಗೆ ಯಾರೂ ಬರುವುದು ಬೇಕಿಲ್ಲ ಅನ್ನಿಸುತ್ತದೆ. ಪೂರ್ತಿ ತೆರೆದರೆ ಗಿರಾಕಿ ಇಲ್ಲದ ಅಂಗಡಿಯವನು ಬಾಯಿ ಬಿಟ್ಟುಕೊಂಡು ಕೂತ ಹಾಗೆ ಕಾಣುತ್ತದೆ. ಎಷ್ಟು ತೆರೆದರೆ ಮರ್ಯಾದೆ ಉಳಿಯುತ್ತದೆ ಅನ್ನುವುದು, ಈ ಪರದೇಶಕ್ಕೆ ಬಂದು ಇಷ್ಟು ವರ್ಷವಾದರೂ, ಅವರಿಗೆ ಬಗೆಹರಿದಿರಲಿಲ್ಲ. ಆ ಸಂಸ್ಥೆಯ ಪದ್ಧತಿಯೇ ಹಾಗೆ. ಬೆಳಗ್ಗೆ ಪಾಠ, ಊಟವಾದ ಮೇಲೆ ‘ಭೇಟಿಯ ವೇಳೆ’. ಪ್ರತಿಯೊಬ್ಬ ಮೇಷ್ಟ್ರೂ ತನ್ನ ಕೋಣೆಯಲ್ಲಿ ಬಾಗಿಲು ತೆರೆದು ಕೂತಿರಬೇಕು. ಕಲಿಯಲು ಬಂದವರು ತಮಗೆ ಬೇಕಾದವರ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಮಾತಾಡಿ ನಾಲಗೆ ರೂಢಿ ಮಾಡಿಕೊಳ್ಳಬೇಕು. ಯಾರಾದರೂ ಬರಲಿ, ಬಾರದೆ ಹೋಗಲಿ, ಮೇಷ್ಟ್ರು ಮಾತ್ರ ಏಳುವ ಹಾಗಿಲ್ಲ, ತೂಕಡಿಸುವ ಹಾಗಿಲ್ಲ. ಬಾಗಿಲಿಗೆ ಮುಖದ ಎತ್ತರದಲ್ಲಿ ಗಾಜು ಬೇರೆ. ಇದನ್ನು ಕೇಳಿದ ದಿನ ಊರಿನಲ್ಲಿದ್ದ ಅಕ್ಕ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದಳು: “ಅಯ್ಯೋ ನನ್ನಪ್ಪಾ, ನೋಡೋಕೆ ಬರೋ ಗಂಡಿಗೆ ಕಾದು ಕೂತ ಹಾಗಾಯ್ತಲ್ಲೋ ನಿನ್ನ ಕಥೆ! ಪೌಡರ್ ಹಚ್ಚಿಕೊಂಡು ಕೂತ್ಕೊತೀಯಾ ಹೇಗೆ?” ಮೇಷ್ಟ್ರೂ ನಕ್ಕಿದ್ದರು. ಆದರೆ ಮಾರನೆಯ ದಿನದಿಂದ ಕಾರಿಡಾರಿನಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ತಮಗೆ ಗೊತ್ತಿಲ್ಲದೆಯೇ ಕೂದಲು ಸವರಿಕೊಳ್ಳುವುದು ಅಭ್ಯಾಸವಾಗಿ ಹೋಯಿತು.

ಹೆಜ್ಜೆಗಳು ಬರುತ್ತಿದ್ದವು, ಇಲ್ಲವೆಂದಲ್ಲ. ಗಾಜಿನ ಆಚೆ ಒಂದು ಮುಖ ಹಣಕುತ್ತಿತ್ತು, ಇವರನ್ನು ನೋಡಿ ಕ್ಷಮೆ ಕೇಳುವ ಹಾಗೆ ನಗುತ್ತಿತ್ತು, ಪಕ್ಕದ ಕೋಣೆಗೆ ಹೋಗುತ್ತಿತ್ತು. ಪಕ್ಕದ ಕೋಣೆಯ ಎಳೆ ಮೇಷ್ಟ್ರು ಇಂಗ್ಲಿಷನ್ನು ತಾಯಿಯ ಹಾಲಿನ ಜೊತೆಗೆ ಕುಡಿದವನು. ಇವರೋ ಬೆತ್ತದ ಏಟಿನ ಜೊತೆಗೆ ತಿಂದವರು. ಅವನನ್ನು ವ್ಯಾಕರಣ ಕೇಳಿದರೆ ಭುಜ ಕುಣಿಸುತ್ತಾನೆ, ‘ಹಾಗೇ ಅನ್ನೋದು, ಅಷ್ಟೇ’ ಅನ್ನುತ್ತಾನೆ, ಅದಕ್ಕೂ ಅವರೆಲ್ಲ ನಗುತ್ತಾರೆ. ಆ ನಗು ಗೋಡೆ ದಾಟಿ ಬರುವಾಗ ಮಾತುಗಳೆಲ್ಲ ಸೋಸಿ ಹೋಗಿ ಬರೀ ಗುಳುಗುಳು ಸದ್ದು ಉಳಿಯುತ್ತದೆ, ಯಾರೋ ಬಾಯಿ ಮುಕ್ಕಳಿಸಿದ ಹಾಗೆ. ಹೋದ ತಿಂಗಳು ಸಂಸ್ಥೆಯ ಮೇಡಂ ಇವರನ್ನು ಕರೆದು, ತುಂಬಾ ಮೆತ್ತಗೆ, ಕೂಸಿಗೆ ಔಷಧಿ ಕುಡಿಸುವ ದನಿಯಲ್ಲಿ ಹೇಳಿದ್ದಳು: “ನಿಮ್ಮ ಪಾಠದ ಬಗ್ಗೆ ಯಾರದ್ದೂ ದೂರಿಲ್ಲ. ಆದರೆ ನಿಮ್ಮ ಭೇಟಿಯ ವೇಳೆಗೆ ಒಬ್ಬನೇ ಒಬ್ಬ ಬರ್ತಾನೆ. ಅವನೂ ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ನಿಮ್ಮನ್ನ ಯಾಕೆ ಇಟ್ಟುಕೊಂಡಿದೀವಿ ಅಂತ ಮೇಲಿನವರಿಗೆ ಏನು ಹೇಳಲಿ?” ಮೇಷ್ಟ್ರು ಆಕೆಯ ಮೇಜಿನ ಮೇಲಿದ್ದ ಕಾಗದದ ಲೋಟವನ್ನೇ ನೋಡುತ್ತಿದ್ದರು. ಅಂಚಿನಲ್ಲಿ ತುಟಿಯ ಬಣ್ಣ ಹತ್ತಿತ್ತು. ಇಷ್ಟು ವಯಸ್ಸಾದ ಗಂಡಸು ಒಬ್ಬನೇ ಒಬ್ಬ ವಿದ್ಯಾರ್ಥಿಯ ಋಣದಲ್ಲಿ ಬದುಕುವುದೆಂದರೆ ಏನೆಂದು ಆ ಲೋಟಕ್ಕೆ ಗೊತ್ತಿರಲಾರದು ಎಂಬ ಹುಚ್ಚು ಯೋಚನೆ ಬಂದು, ತಲೆಯಾಡಿಸಿ ಎದ್ದು ಬಂದಿದ್ದರು.

ಆ ಒಬ್ಬನೇ ಒಬ್ಬ ಲಿಫ್ಟ್ ರಿಪೇರಿಯವನು. ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಕಪ್ಪು ಗ್ರೀಸ್. ಲಿಫ್ಟಿನವನಾದರೂ ಲಿಫ್ಟು ಹತ್ತುವುದಿಲ್ಲ, ನಾಲ್ಕು ಮಹಡಿಯನ್ನೂ ಕಾಲಲ್ಲೇ ಹತ್ತಿ ಬರುತ್ತಾನೆ. ‘ಅದರ ಹೊಟ್ಟೆ ಒಳಗೆ ಏನಿದೆ ಅಂತ ನಂಗೊತ್ತು ಸರ್’ ಎಂದು ಮೊದಲ ದಿನವೇ ಹೇಳಿ ಇಡೀ ತರಗತಿಯನ್ನು ನಗಿಸಿದ್ದ. ಅವನ ಹೆಂಡತಿ ಇಂಗ್ಲಿಷ್ ಮಾತಾಡುವ ದೂರದ ದೇಶದಲ್ಲಿ ವೃದ್ಧರ ಆರೈಕೆ ಮಾಡುತ್ತಾಳೆ, ಪುಟ್ಟ ಮಗಳೂ ಅವಳ ಜೊತೆಗಿದ್ದಾಳೆ. ಇವನು ಅಲ್ಲಿಗೆ ಹೋಗಬೇಕಾದರೆ ಇಂಗ್ಲಿಷ್ ಮಾತಿನ ಬಾಯಿ ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ವರ್ಷಕ್ಕೆ ಎರಡೇ ಸಲ, ಅದಕ್ಕೆ ಕೂರಬೇಕಾದರೆ ಕಲಿಸಿದ ಮೇಷ್ಟ್ರು ‘ಇವನು ತಯಾರಾಗಿದ್ದಾನೆ’ ಎಂದು ಮೇಡಂಗೆ ಬಾಯಿಬಿಟ್ಟು ಹೇಳಬೇಕು. ಹೋದ ಸಲ ಮೇಷ್ಟ್ರು ಹೇಳಿರಲಿಲ್ಲ. “ಇನ್ನೂ ಸ್ವಲ್ಪ ಪಳಗಬೇಕು,” ಎಂದಿದ್ದರು. ಹಾಗೆ ಹೇಳುವಾಗ ಅವರಿಗೆ ಮಾತಿನ ಅರ್ಥಕ್ಕಿಂತ, ಇನ್ನು ಆರು ತಿಂಗಳು ಎದುರಿನ ಕುರ್ಚಿ ಖಾಲಿ ಇರುವುದಿಲ್ಲ ಎಂಬ ಸಮಾಧಾನವೇ ಹೊಟ್ಟೆಯಲ್ಲಿ ಬೆಚ್ಚಗೆ ಇಳಿದಿತ್ತು. ಈ ಸಲದ್ದಕ್ಕೆ ಇವತ್ತೇ ಕೊನೆ. ಸಂಜೆಯೊಳಗೆ ಹೇಳಿದರೆ ಉಂಟು, ಇಲ್ಲದಿದ್ದರೆ ಮತ್ತೆ ಆರು ತಿಂಗಳು.

ಮೇಷ್ಟ್ರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇದನ್ನು ಇಷ್ಟು ಯೋಚಿಸುತ್ತಲೇ ಇರಲಿಲ್ಲ ಎಂದು ಅವರೇ ತಮಗೆ ಹೇಳಿಕೊಳ್ಳುತ್ತಿದ್ದರು. ಕಿಟಕಿಯಾಚೆ ಪಕ್ಕದ ಕಟ್ಟಡದ ಹಿಂಗೋಡೆ, ಅದರ ಮೇಲೆ ಬಿಳಲಿನ ಹಾಗೆ ಇಳಿಬಿದ್ದ ಪೈಪುಗಳು. ಅವನ್ನು ನೋಡುತ್ತ ನೋಡುತ್ತ ಅಪ್ಪನ ಗೆಳೆಯರು ಬಂದ ಒಂದು ಸಂಜೆ ನೆನಪಾಯಿತು. ‘ನಮ್ಮ ಹುಡುಗನ ಇಂಗ್ಲಿಷ್ ಕೇಳಿ’ ಎಂದು ಅಪ್ಪ ನಡುಮನೆಯಲ್ಲಿ ನಿಲ್ಲಿಸಿದ್ದು, ಕನ್ನಡಕದ ಗೆಳೆಯರೊಬ್ಬರು ಏನೋ ಕೇಳಿದ್ದು. ಅಡುಗೆಮನೆ ಬಾಗಿಲ ಹಿಂದಿನಿಂದ ಅಕ್ಕ ತುಟಿಯಾಡಿಸಿ ಉತ್ತರ ಹೇಳಿಕೊಡುತ್ತಿದ್ದಳು. ಅವಳ ತುಟಿ ಕಾಣುತ್ತಿತ್ತು, ಉತ್ತರವೂ ಕಾಣುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಅಪ್ಪ ನಗುತ್ತಲೇ, ‘ಕೋಣ. ಮೈ ಬೆಳೆದಿದೆ, ಮಾತು ಬೆಳೆದಿಲ್ಲ’ ಎಂದರು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆತ ಮಾಯುತ್ತದೆ, ನಕ್ಕಿದ್ದು ಎಲ್ಲಿ ಮಾಯುತ್ತದೆ?

ಲಿಫ್ಟಿನವನು ಗಾಜಿನಾಚೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬಾಗಿಲು ತೆರೆದೇ ಇದ್ದರೂ ಒಳಗೆ ಬಂದಿರಲಿಲ್ಲ. ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದ. ನಾಲ್ಕು ಮಾತು ಹೇಳಿಕೊಂಡು ತಡೆದು, ತಲೆ ಕೊಡವಿ, ಮತ್ತೆ ಮೊದಲಿನಿಂದ. ಬಾಗಿಲು ತಟ್ಟಿ ‘ಒಳಗೆ ಬರಬಹುದೇ’ ಎಂದು ಕೇಳುವ ವಾಕ್ಯವನ್ನು ಅವನು ಅಭ್ಯಾಸ ಮಾಡುತ್ತಿದ್ದಾನೆಂದು ಮೇಷ್ಟ್ರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಬನ್ನಿ, ಬನ್ನಿ,” ಎಂದರು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ, ಬಾಯಿ ತುಂಬ ನಗುತ್ತ, ಸೇರಿಸಿದರು: “ಬಾರಪ್ಪಾ ನನ್ನ ಅನ್ನದಾತ. ಕೋಣನ ಮುಂದೆ ಕಿನ್ನರಿ ಬಾರಿಸೋ ಹೊತ್ತಾಯ್ತು.”

ಇದು ಅವರ ಗುಟ್ಟಿನ ಚಟ. ಆ ಊರಿನಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಹರಸುವವರ ಮುಖ ಮಾಡಿಕೊಂಡು ಬೈದರೆ ಲಿಫ್ಟಿನವನು ಎದೆಯ ಮೇಲೆ ಕೈಯಿಟ್ಟು ಬಾಗುತ್ತಿದ್ದ. ಇವತ್ತೂ ಬಾಗಿದ. ಕುರ್ಚಿಯ ತುದಿಯಲ್ಲಿ ಕೂತ. ಅವನ ಕಣ್ಣು ನೆಟ್ಟಗೆ ಹೋಗಿ ಮೇಷ್ಟ್ರ ಬಲಗೈಯ ತೋರುಬೆರಳ ಮೇಲೆ ನಿಂತಿತು.

ಆ ಬೆರಳಿನ ವಿಷಯ ಹೇಳಬೇಕು. ಮೊದಮೊದಲು ಲಿಫ್ಟಿನವನ ಇಂಗ್ಲಿಷ್ ಕಟ್ಟೆಯೊಡೆದ ನೀರು. ಕಾಲ ಇಲ್ಲ, ಲಿಂಗ ಇಲ್ಲ, ತಲೆ ಇಲ್ಲ, ಬಾಲ ಇಲ್ಲ. ಕೈಯಲ್ಲಿ ತೋರಿಸುತ್ತ, ಕೆನ್ನೆ ಉಬ್ಬಿಸುತ್ತ, ಎದ್ದು ನಿಂತು ಅಭಿನಯಿಸುತ್ತ ಮಾತಾಡುತ್ತಿದ್ದ. ಎರಡು ಮಹಡಿಯ ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡ ದಪ್ಪ ವಕೀಲ ಮತ್ತು ಅವನ ಮೇಲೆ ಕೇಸು ಹಾಕಿದ ತೆಳ್ಳನೆಯ ಮುದುಕಿ ಒಳಗಿದ್ದಷ್ಟು ಹೊತ್ತೂ ಜಗಳವಾಡಿ, ಇವನು ಬಾಗಿಲು ತೆರೆದಾಗ ‘ಇನ್ನು ಸ್ವಲ್ಪ ಮುಚ್ಚು, ತೀರ್ಪು ಆಗ್ತಾ ಇದೆ’ ಅಂದರಂತೆ. ಆ ಕಥೆಯನ್ನು ಅವನು ಹೇಳಿದ ದಿನ ಪಕ್ಕದ ಕೋಣೆಯವರೂ ಬಂದು ಈ ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ನಗುತ್ತ ನಗುತ್ತ ಎದೆಯಲ್ಲಿ ಏನೋ ಹುಳಿ ಒಡೆದ ಹಾಗಾಯಿತು. ತಾವು ಇಷ್ಟು ವರ್ಷ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಒಬ್ಬರನ್ನೂ ಹೀಗೆ ನಗಿಸಿಲ್ಲ. ಇವನಿಗೆ ನಾಚಿಕೆ ಅನ್ನೋದೇ ಇಲ್ಲವಲ್ಲ! ಮಾರನೆಯ ದಿನ ಅವನು ಬಾಯಿ ತೆರೆದಾಗ ತೋರುಬೆರಳು ತಾನಾಗಿ ಮೇಲೆದ್ದಿತು. ‘ತಪ್ಪು.’ ಅವನು ತಿದ್ದಿಕೊಂಡ, ಮುಂದುವರಿದ. ಬೆರಳು ಮತ್ತೆ ಎದ್ದಿತು. ಆಮೇಲಾಮೇಲೆ ‘ತಪ್ಪು’ ಎಂದು ಹೇಳುವುದೂ ಬೇಕಾಗಲಿಲ್ಲ, ಬೆರಳು ಸಾಕಾಯಿತು. ಒಮ್ಮೊಮ್ಮೆ ಸರಿಯಿದ್ದಾಗಲೂ ಎತ್ತಿ ನೋಡಿದ್ದರು. ಸರಿಯಿದ್ದ ಮಾತನ್ನೇ ಅವನು ಮೂರು ಥರ ತಿರುಗಿಸಿ ಕೊನೆಗೆ ಬೆವರಿ ಸುಮ್ಮನಾದಾಗ, ಮೇಷ್ಟ್ರಿಗೆ ನಾಚಿಕೆಯಾಗಿತ್ತು. ನಾಚಿಕೆಯ ಅಡಿಯಲ್ಲಿ ಬೇರೊಂದೂ ಆಗಿತ್ತು, ಅದಕ್ಕೆ ಅವರು ಹೆಸರಿಡಲು ಹೋಗಲಿಲ್ಲ.

“ಸರ್,” ಎಂದ ಲಿಫ್ಟಿನವನು. ಬೆರಳು ನೋಡಿದ. “ಇವತ್ತು. ಕೊನೆಯ ದಿನ.”

“ಹೌದು.”

“ನನ್ನ ಹೆಂಡತಿ ಹೇಳಿದಳು.” ನಿಂತ. ಬೆರಳು ಏಳಲಿಲ್ಲ. “ಈ ಸಲ ಬಾರದಿದ್ದರೆ, ಇನ್ನು ಬರಬೇಡ. ಅವಳಿಗೆ ಕಾದು ಸಾಕಾಗಿದೆ. ಮಗಳಿಗೆ ನನ್ನ ಮುಖ...” ಮುಂದಿನ ಪದಕ್ಕೆ ತಡಕಾಡಿದ, ಕೈಯನ್ನು ಗಾಳಿಯಲ್ಲಿ ಎತ್ತಿದವನು ತಾನೇ ಮಡಿಲಿಗೆ ಇಳಿಸಿಕೊಂಡ. “ಕ್ಷಮಿಸಿ ಸರ್. ವಾಕ್ಯ ಪೂರ್ತಿ ಇಲ್ಲ.”

ಮೇಷ್ಟ್ರ ಜೇಬಿನಲ್ಲಿ ಫೋನು ಗುರುಗುಟ್ಟಿತು. ಅಕ್ಕ. ಈ ಹೊತ್ತಿಗೆ ಇವರಿಗೆ ಬಿಡುವಿರುತ್ತದೆಂದು ಅವಳಿಗೆ ಗೊತ್ತು. ಅವನೆದುರೇ ತೆಗೆದುಕೊಂಡರು; ಅವನಿಗೇನು ತಿಳಿಯುತ್ತದೆ.

“ಏನೋ, ಬಂದನಾ ನಿನ್ನ ಗಂಡು?” ಅಕ್ಕನ ದನಿ ಕೋಣೆ ತುಂಬಿತು.

“ಎದುರಿಗೇ ಕೂತಿದ್ದಾನೆ ಕಣೆ. ಪರೀಕ್ಷೆಗೆ ಕಳಿಸಿ ಅಂತ ಜೀವ ತಿಂತಿದ್ದಾನೆ. ಹೆಂಡತಿ ಬಿಟ್ಟೇ ಬಿಡ್ತಾಳಂತೆ.”

“ಅಯ್ಯೋ, ಮತ್ತೆ ಕಳಿಸೋ!”

“ಕಳಿಸಿದ್ರೆ ನಾಳೆಯಿಂದ ನಾನು ನೊಣ ಹೊಡೀಬೇಕು. ನನ್ನ ಕೆಲಸಕ್ಕೆ ಕುತ್ತು.”

ಅಕ್ಕನ ದನಿ ತಗ್ಗಿತು: “ನೋಡು, ನಾನು ಓದಿಲ್ಲ, ಬರೆದಿಲ್ಲ, ಆದರೂ ಒಂದು ಮಾತು ಹೇಳ್ತೀನಿ. ಬೇರೆಯವರ ಸಂಸಾರ ಸುಟ್ಟು ಅದರಲ್ಲಿ ಚಳಿ ಕಾಯಿಸಿಕೊಳ್ಳಬಾರದು. ನಿನಗೇನು ಕೈ ಇಲ್ವಾ, ಕಾಲು ಇಲ್ವಾ? ಕೆಲಸ ಹೋದ್ರೆ ಬಾ, ನನ್ನ ಮನೇಲಿ ಒಂದು ಚಾಪೆ ಹಾಸ್ತೀನಿ. ಮೊದಲು ಆ ಪ್ರಾಣಿಯನ್ನ ಹೆಂಡತಿ ಹತ್ರ ಕಳಿಸು. ನನ್ನ ತಮ್ಮ ಒಳ್ಳೆಯವನು ಅಂತ ನಾನು ನಾಲ್ಕು ಜನರ ಹತ್ರ ಹೇಳಿಕೊಂಡು ತಿರುಗ್ತೀನಿ ಕಣೋ.”

ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿದರು. ಎದುರಿಗೆ ಕೂತವನು ಮಂಡಿಯ ಮೇಲೆ ಕೈಯಿಟ್ಟು, ಅರ್ಥವಾಗದ ಭಾಷೆಯನ್ನೂ ಮರ್ಯಾದೆಯಿಂದ ಕೇಳಿಸಿಕೊಂಡು, ಇನ್ನೂ ಬೆರಳನ್ನೇ ನೋಡುತ್ತಿದ್ದ. ಹೌದಲ್ಲ, ಏನು ಮಹಾ! ಒಂದು ಮಾತು ಹೇಳಿದರೆ ಮುಗಿಯಿತು. ಕಲ್ಲೆದೆಯವರಿಗೂ ಒಂದು ದಿನ ಬರುತ್ತದೆ. ಇದು ತಮ್ಮ ದಿನವಿರಬೇಕು. ಅವನು ಆ ದೂರದ ದೇಶದಲ್ಲಿ ಮಗಳನ್ನು ಎತ್ತಿಕೊಂಡು ‘ನನಗೊಬ್ಬ ಮೇಷ್ಟ್ರಿದ್ದರು’ ಎಂದು ಹೇಳುವುದು ಕಣ್ಣಿಗೆ ಕಟ್ಟಿತು. ತಾವು ಕೆಲಸ ಕಳೆದುಕೊಂಡು ಅಕ್ಕನ ಮನೆಯ ಚಾಪೆಯ ಮೇಲೆ ಕೂತಿರುವುದೂ ಕಂಡಿತು, ಆ ಚಿತ್ರದಲ್ಲಿ ತಮ್ಮ ಮುಖ ಎಷ್ಟು ಶಾಂತವಾಗಿತ್ತೆಂದರೆ ಕಣ್ಣು ತುಂಬಿ ಬಂತು. ಇಷ್ಟು ದಿನ ತಾವು ಹಿಡಿದಿಟ್ಟುಕೊಂಡದ್ದು ಒಂದು ಅಪ್ಪಣೆಯನ್ನು ಮಾತ್ರ, ಅದನ್ನು ಕೈ ಬಿಟ್ಟರೆ ಎಲ್ಲ ನೇರವಾಗುತ್ತದೆ ಎಂದು ಅವರು ಪೂರ್ತಿ ನಂಬಿದರು.

“ಏಳಿ,” ಎಂದರು. “ಮೇಡಂ ಹತ್ತಿರ ಹೋಗೋಣ. ನೀವು ತಯಾರಾಗಿದ್ದೀರಿ ಅಂತ ಹೇಳ್ತೀನಿ.”

ಲಿಫ್ಟಿನವನು ಎದ್ದ. ಅವನ ಮುಖದಲ್ಲಿ ಸಂತೋಷ ಕಾಣಬೇಕಿತ್ತು. ಕಂಡದ್ದು ಹೆದರಿಕೆ. ಸಂತೋಷಕ್ಕೂ ಹೆದರುವವರಿದ್ದಾರೆ, ಪಾಪ, ಎಂದುಕೊಂಡು ಮೇಷ್ಟ್ರು ಅವನ ಬೆನ್ನ ಮೇಲೆ ಕೈಯಿಟ್ಟು ಕಾರಿಡಾರಿನಲ್ಲಿ ನಡೆಸಿಕೊಂಡು ಹೋದರು. ಪಕ್ಕದ ಕೋಣೆಯ ಮುಂದೆ ಸರದಿಯಲ್ಲಿ ನಿಂತವರು ದಾರಿ ಬಿಟ್ಟರು. ಇಷ್ಟು ವರ್ಷಗಳಲ್ಲಿ ಅವರ ನಡುವೆ ತಲೆಯೆತ್ತಿ ನಡೆದದ್ದು ಅದೇ ಮೊದಲು.

ಮೇಡಂ ಸಂತೋಷಪಟ್ಟಳು. ಕೂರಿಸಿದಳು. “ಎಲ್ಲರನ್ನೂ ನಾನೊಮ್ಮೆ ಮಾತಾಡಿಸಿ ನೋಡ್ತೀನಿ. ಪರೀಕ್ಷೆ ಏನಲ್ಲ, ಸುಮ್ಮನೆ ಹರಟೆ,” ಎಂದು ಲಿಫ್ಟಿನವನ ಕಡೆ ತಿರುಗಿದಳು. “ನಿಮ್ಮ ಕೆಲಸದ ಬಗ್ಗೆ ಹೇಳಿ.”

ಹೇಳು, ಎಂದರು ಮೇಷ್ಟ್ರು ಮನಸ್ಸಿನಲ್ಲಿ. ದಪ್ಪ ವಕೀಲನ ಕಥೆ ಹೇಳು. ನಗಿಸಿಬಿಡು ಇವಳನ್ನ.

“ನಾನು,” ಎಂದ ಲಿಫ್ಟಿನವನು. ತಲೆ ತಿರುಗಿಸಿ ಮೇಷ್ಟ್ರ ಕೈ ನೋಡಿದ. ಕೈ ಮೇಜಿನ ಮೇಲೆ ಸತ್ತ ಹಾಗೆ ಬಿದ್ದಿತ್ತು. “ನಾನು ಕೆಲಸ.” ಮತ್ತೆ ನೋಡಿದ. “ಮಾಡುತ್ತೇನೆ. ಮಾಡುತ್ತಿದ್ದೇನೆ.” ಯಾವುದು ಎಂದು ಆ ಕಣ್ಣು ಕೇಳುತ್ತಿತ್ತು. ಮೇಷ್ಟ್ರು ಮೆಲ್ಲಗೆ ತಲೆಯಾಡಿಸಿದರು, ಎರಡೂ ಸರಿ ಎಂಬಂತೆ. ಅದು ಅವನನ್ನು ಇನ್ನಷ್ಟು ಕೆಡಿಸಿತು. ಎರಡೂ ಸರಿಯಿರುವ ಲೋಕದೊಳಕ್ಕೆ ಅವನನ್ನು ಯಾರೂ ಬಿಟ್ಟೇ ಇರಲಿಲ್ಲ. ಮೇಡಂ ಕಾದಳು. ಒಳ್ಳೆಯ ಹೆಂಗಸು, ಕಾಯಲು ಬಲ್ಲವಳು. ಆಕೆ ಕಾದಷ್ಟೂ ಅವನ ಹಣೆಯ ನರ ಎದ್ದು ನಿಂತಿತು. “ಹೋಗಲಿ ಬಿಡಿ. ಮಗಳು ಇದ್ದಾಳಂತಲ್ಲ? ಅವಳ ಬಗ್ಗೆ ಹೇಳಿ. ಏನು ಇಷ್ಟ ಅವಳಿಗೆ?” ಲಿಫ್ಟಿನವನು ಬಾಯಿ ತೆರೆದ. ಮಗಳ ಮುಖ ಅಲ್ಲೆಲ್ಲೋ ಒಳಗೆ ಬಂದು ನಿಂತದ್ದು ಹೊರಗಿನವರಿಗೂ ಕಾಣಿಸಿತು. ತುಟಿ ಅರೆಬಿರಿಯಿತು, ಬಲಗೈ ಒಂದು ಪುಟ್ಟ ಎತ್ತರವನ್ನು ತೋರಿಸಲೆಂದು ಮೇಲೇಳತೊಡಗಿತು. ಆ ಕೈಯನ್ನು ಅವನ ಎಡಗೈ ಬಂದು ಹಿಡಿದು ಮಡಿಲಿಗೆ ಎಳೆದುಕೊಂಡಿತು. “ನನಗೆ ಒಬ್ಬಳು ಮಗಳಿದ್ದಾಳೆ,” ಎಂದ. ಸರಿಯಾದ ವಾಕ್ಯ. ಪಾಠದಲ್ಲಿ ಇರುವ ವಾಕ್ಯ. ಅಷ್ಟು ಹೇಳಿ, ಮೇಡಂ ಕಡೆಗೆ ನೋಡದೆ, ಮೇಷ್ಟ್ರನ್ನು ಕೇಳಿದ: “ಸರಿಯೇ ಸರ್?”

ಮೇಡಂ ಕುರ್ಚಿಗೆ ಒರಗಿದಳು. ಆಕೆಯ ಮುಖದ ಮೇಲೆ ಕರುಣೆ ಬಂತು, ಆದರೆ ಅದು ಲಿಫ್ಟಿನವನ ಕಡೆ ಹೋಗದೆ ಮೇಷ್ಟ್ರ ಕಡೆ ತಿರುಗಿತು. “ನಂಗೆ ಅರ್ಥವಾಯ್ತು,” ಎಂದಳು. “ಕೊನೆಯ ದಿನ ಅಂತ ಮನಸ್ಸು ತಡೀಲಾರದೆ ಕರೆದುಕೊಂಡು ಬಂದಿದ್ದೀರಿ. ಆದರೆ ಹೋದ ಸಲ ತಡೆದಿರಲ್ಲ, ಅದೇ ಸರಿ. ನಿಮ್ಮ ಪಕ್ಕದ ಕೋಣೆಯವನು ನಗಿಸಿ ನಗಿಸಿ ಎಲ್ಲರನ್ನೂ ಕಳಿಸ್ತಾನೆ, ಅರ್ಧ ಜನ ಫೇಲಾಗಿ ಬರ್ತಾರೆ, ಹೆಸರು ಕೆಡೋದು ನಮ್ಮದು. ಇಂಥ ಒಬ್ಬ ವಿದ್ಯಾರ್ಥಿಯ ಜೊತೆ ಒಂದು ವರ್ಷ ಕೂತಿದ್ದೀರಿ ಅಂದ್ರೆ... ಇಷ್ಟು ತಾಳ್ಮೆ ಯಾರಿಗಿದೆ? ನಾನು ಗಾಜಿನಲ್ಲಿ ನೋಡ್ತಾನೇ ಇರ್ತೀನಿ. ಮುಂದಿನ ವರ್ಷದ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಡಿ. ಮೇಲಿನವರಿಗೆ ಏನು ಹೇಳಬೇಕು ಅಂತ ಈಗ ನಂಗೆ ಗೊತ್ತು.”

ಹೇಳಬೇಕಾದ ಮಾತು ಮೇಷ್ಟ್ರ ಬಾಯಲ್ಲೇ ಇತ್ತು. ಇವನು ಹೀಗಿರಲಿಲ್ಲ ಮೇಡಂ. ಇವನಿಗೆ ಮಾತು ಬರುತ್ತಿತ್ತು. ನನ್ನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಎಷ್ಟು ತಪ್ಪಾದರೂ ಸರಿ ಅಂತ ಹೇಳಿ ಮಾತಾಡಿಸಿ. ಒಂದು ತಾಸಿನಲ್ಲಿ ನೀವು ನಗುತ್ತೀರಿ. ವಾಕ್ಯಗಳು ತಪ್ಪಿಲ್ಲದೆ, ಸಾಲಾಗಿ, ಹೊಳೆಯುವ ಇಂಗ್ಲಿಷಿನಲ್ಲಿ ನಿಂತಿದ್ದವು. ಲಿಫ್ಟಿನವನು ಅವರನ್ನೇ ನೋಡುತ್ತಿದ್ದ. ತಮ್ಮ ಕಾಲ ಕೆಳಗಿನ ನೆಲ ಇಷ್ಟು ದಿನಗಳಲ್ಲಿ ಮೊದಲ ಸಲ ಗಟ್ಟಿಯಾಗಿರುವುದು ಮೇಷ್ಟ್ರಿಗೆ ಪಾದದಿಂದಲೇ ತಿಳಿಯುತ್ತಿತ್ತು.

“ಹೌದು ಮೇಡಂ,” ಎಂದರು. “ಇನ್ನೂ ಸ್ವಲ್ಪ ಪಳಗಬೇಕು.”

ಮೇಡಂ ಲಿಫ್ಟಿನವನ ಕೈ ಕುಲುಕಿದಳು. “ನಿಮ್ಮ ಮೇಷ್ಟ್ರನ್ನ ಬಿಡಬೇಡಿ. ದಿನಾ ಬನ್ನಿ. ಆರು ತಿಂಗಳು ಅನ್ನೋದು ಕಣ್ಣು ಮುಚ್ಚಿ ತೆಗೆಯೋದರೊಳಗೆ ಹೋಗುತ್ತೆ.”

ಇಬ್ಬರೂ ಕಾರಿಡಾರಿಗೆ ಬಂದರು. ನೀರಿನ ಯಂತ್ರದ ಹತ್ತಿರ ಲಿಫ್ಟಿನವನು ನಿಂತ. ಬೈಯುತ್ತಾನೆ, ಎಂದುಕೊಂಡರು ಮೇಷ್ಟ್ರು. ಬೈಯಲಿ, ಹೊಡೆದರೂ ಹೊಡೆಯಲಿ. ಆಸೆಯಿಂದಲೇ ಕಾದರು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. “ನಿಮ್ಮ ಹೆಸರು,” ಎಂದ, “ಕೆಡಿಸಿದೆ. ನಾನು. ಕ್ಷಮಿಸಿ ಸರ್.” ಅಷ್ಟರಲ್ಲಿ ಅವನ ಫೋನು ಕೂಗಿತು. ತೆರೆಯ ಮೇಲೆ ಒಂದು ಹೆಂಗಸಿನ ಫೋಟೋ, ಅವಳ ಭುಜದ ಮೇಲೆ ಗದ್ದವೂರಿದ ಪುಟ್ಟ ಹುಡುಗಿ. ಇವತ್ತು ಸಂಜೆ ಏನಾಯಿತೆಂದು ಕೇಳಲು ಅವಳು ಫೋನು ಮಾಡುತ್ತಾಳೆಂದು ಅವನಿಗೆ ಬೆಳಗ್ಗೆಯಿಂದ ಗೊತ್ತಿದ್ದಿರಬೇಕು. ಅದು ಕೂಗುತ್ತಲೇ ಇತ್ತು, ಅವನು ನೋಡುತ್ತಲೇ ಇದ್ದ. ಕೊನೆಗೆ ಕಿವಿಗೆ ಹಿಡಿದ.

ತನ್ನದೇ ಭಾಷೆಯಲ್ಲಿ ಮಾತಾಡಿದ. ತೊಟ್ಟಿಲಲ್ಲಿ ಕಲಿತ ಭಾಷೆ, ಹೆಂಡತಿಯ ಜೊತೆ ನಕ್ಕ, ಜಗಳವಾಡಿದ ಭಾಷೆ. ಒಂದು ಪದ ಹೇಳಿದ, ನಿಂತ. ಆ ಕಡೆಯಿಂದ ಅವಳ ದನಿ ಏರಿದ್ದು ಮೇಷ್ಟ್ರಿಗೂ ಕೇಳಿಸಿತು. ಇನ್ನೊಂದು ಪದ ಹೇಳಿದ, ಅದನ್ನು ಹಿಂದಕ್ಕೆ ತೆಗೆದುಕೊಂಡ, ಬೇರೊಂದು ಇಟ್ಟ, ಅದೂ ಸರಿಹೋಗಲಿಲ್ಲವೆಂಬಂತೆ ತಲೆ ಕೊಡವಿದ. ಅವಳು ಏನೋ ಕೂಗಿದಳು, ನಡುವೆ ಮಗುವಿನ ದನಿಯೂ ಬಂತು. ಅವನು ಫೋನನ್ನು ಕಿವಿಗೆ ಇನ್ನೂ ಬಲವಾಗಿ ಒತ್ತಿಕೊಂಡು, ಬೆವರುತ್ತ, ಮುಂದಿನ ಪದವನ್ನು ನಾಲಗೆಯ ತುದಿಯಲ್ಲೇ ಹಿಡಿದು, ಕಣ್ಣೆತ್ತಿ ಮೇಷ್ಟ್ರ ಮುಖ ನೋಡಿದ.

ಆ ಭಾಷೆಯ ಒಂದಕ್ಷರವೂ ತಿಳಿಯದ ಮೇಷ್ಟ್ರು, ಸರಿಯಾಗಿದೆ, ಮುಂದೆ ಹೇಳು ಎನ್ನುವಂತೆ, ನಿಧಾನವಾಗಿ ತಲೆಯಾಡಿಸಿದರು.